ಇಲ್ಲಿಂದ ಯಾರಿಗೆ ಕಾಣತೈತಿ?

ಸಿಂಗಸಂದ್ರದಲ್ಲಿ ನಮ್ಮ ಎದುರು ಮನೆಯ ಸಂಶೋಧಕಿ ಹೋಟೆಲಿನಲ್ಲೂ ಕೂರುವ ಮುನ್ನ ಸುತ್ತ ನೋಡಿ, "ಇಲ್ಲಿಂದ ಯಾರಿಗೆ ಕಾಣತೈತಿ?" ಎನ್ನುತ್ತಿದ್ದರು. ಜೈಲುಗಳಲ್ಲಿ ಲೈಂಗಿಕ ದೌರ್ಜನ್ಯ ತಡೆಯುವುದು ಹೇಗೆಂಬುದು ಅವರ ಅಧ್ಯಯನ. ಒಮ್ಮೆ ಒಂದು ಜೈಲಿಗೆ ನಾನೂ ಜೊತೆಗೆ ಹೋಗಿದ್ದೆ.

"ನಮ್ಮಲ್ಲಿ ಅಂಥದ್ದೇನಿಲ್ಲ ಮೇಡಂ. ದೂರಿನ ಪೆಟ್ಟಿಗೆ ಯಾವಾಗ್ಲೂ ಖಾಲಿ," ಎಂದರು ಜೈಲರ್.

ಪೆಟ್ಟಿಗೆ ಕಾವಲುಗಾರನ ಕುರ್ಚಿಯ ಎದುರಿಗೇ ಇತ್ತು. ಈಕೆ ಆ ಕುರ್ಚಿಯಲ್ಲಿ ಕೂತು, "ನಿಮ್ಮ ಸಾಹೇಬರ ಮ್ಯಾಲೆ ಒಂದು ದೂರು ಹಾಕ್ರಿ ಸಾರ್. ನಾ ನೋಡ್ತಿರ್ತೀನಿ," ಎಂದರು.

ಜೈಲರ್ ಪೆಟ್ಟಿಗೆಯವರೆಗೆ ಹೋದರು, ಕೈ ಮೇಲೇಳಲಿಲ್ಲ. ಮರುದಿನವೇ ಪೆಟ್ಟಿಗೆಯನ್ನು ಕಾವಲುಗಾರರ ಕಣ್ಣಿಗೆ ಬೀಳದಂತೆ ಜೈಲಿನ ಆಸ್ಪತ್ರೆಯೊಳಗೆ ಇಡಿಸಿದರು.

ಕೆಲವು ವಾರಗಳ ಮೇಲೆ ನಾವು ಹೋಟೆಲಿನಲ್ಲಿದ್ದಾಗ ಜೈಲರ್ ಅವರದೇ ಫೋನು: "ದೂರು ಬಂತು ಮೇಡಂ. ದೌರ್ಜನ್ಯ ಮಾಡಿದವನನ್ನ ಬೇರೆ ಕೋಣೆಗೆ ಹಾಕಿ ಕೇಸ್ ಮಾಡಿದ್ವಿ. ಜೈಲಿನ ಹೆಸರು ಕೆಡ್ತು."

"ಕೆಟ್ಟಿಲ್ರೀ! ನಿಮ್ಮನ್ನ ನಂಬಿ ಒಬ್ಬ ಬಾಯಿ ಬಿಟ್ಟಾನ!" ಎಂದು ಈಕೆ ಮೇಜು ಗುದ್ದಿ ಎದ್ದು ನಿಂತರು. ಯಾರಿಗೆ ಕಾಣುತ್ತದೆಂದು ಅಂದು ನೋಡಲೇ ಇಲ್ಲ.