ಕಿತ್ತಿಟ್ಟ ಕೆಂಪು ದೀಪ

ದೆವ್ವ, ಆತ್ಮ ಎಂದು ಯಾರಾದರೂ ಬಾಯಿ ತೆರೆದರೆ ಬೈದು ಕಳಿಸುತ್ತಿದ್ದವನು ನಾನು. ಹೊಸಪೇಟೆಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ದೀಪ ಹತ್ತಿತೆಂದರೆ ಎಲ್ಲಿಂದಲೋ ಕರೆಂಟ್ ಬಂದಿದೆ, ಹತ್ತಲಿಲ್ಲವೆಂದರೆ ಎಲ್ಲೋ ತುಂಡಾಗಿದೆ. ನನ್ನ ವೇದಾಂತ ಇಷ್ಟೇ ಇತ್ತು. ಹೀಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ.

ನನ್ನ ತಂಗಿ ಶಾಂತವ್ವನ ಗಂಡ ಕೊಟ್ರೇಶ ಸಂಡೂರಿನಿಂದ ದೋಣಿಮಲೈಗೆ ಹಳೆಯ ಜೀಪು ಓಡಿಸುತ್ತಿದ್ದ. ಅದಿರಿನ ಕೆಂಪು ಧೂಳು ಆ ಕಡೆಯ ಗಾಡಿಗಳ ಸ್ವಿಚ್ಚುಗಳೊಳಗೆ ಹೊಕ್ಕು ಬೇಡದ ದೀಪಗಳನ್ನೆಲ್ಲ ಹತ್ತಿಸುತ್ತದೆ. ಬ್ರೇಕ್ ಎಣ್ಣೆ ಕಡಿಮೆಯಾದಾಗ ಹತ್ತಬೇಕಾದ ಕೆಂಪು ದೀಪ, ಅವನ ಜೀಪಿನಲ್ಲಿ ಎಣ್ಣೆ ತುಂಬಿದ್ದರೂ ಉರಿಯುತ್ತಿತ್ತು. ಎರಡು ಸಲ ಸ್ವಿಚ್ ಒರೆಸಿ ಕೊಟ್ಟೆ. ಮೂರನೇ ಸಲ ಬಂದಾಗ ಅಂಗಡಿ ಮುಂದೆ ಗಾಡಿಗಳು ಸಾಲುಗಟ್ಟಿದ್ದವು.

“ಕಣ್ಣಿಗೆ ಚುಚ್ಚತೈತಿ ಮಾರಾಯ. ಕಿತ್ತು ಒಗಿ ಅತ್ಲಾಗ,” ಎಂದ ಕೊಟ್ರೇಶ.

ಕಿತ್ತೆ. ಬಲ್ಬು ತೆಗೆದು ನನ್ನ ಸಾಮಾನಿನ ಪೆಟ್ಟಿಗೆಗೆ ಹಾಕಿಕೊಂಡು, ವೈರ್ ಕತ್ತರಿಸಿ ಟೇಪು ಸುತ್ತಿದೆ. ಅದಿರಿನ ಸೀಮೆಯಲ್ಲಿ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಸುಳ್ಳು ಹೇಳುವ ದೀಪ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ನಕ್ಕಿದ್ದೂ ನೆನಪಿದೆ.

ಮೂರು ತಿಂಗಳಿಗೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಜೀಪಿನಲ್ಲಿ ಅವನೊಬ್ಬನೇ ಇದ್ದ. ಗುಡ್ಡಕ್ಕೆ ಗುದ್ದಿಸಿ ನಿಲ್ಲಿಸಿದ. ಜೀಪು ಉಳಿಯಿತು, ಅವನು ಉಳಿಯಲಿಲ್ಲ. ಬ್ರೇಕ್ ಎಣ್ಣೆ ಒಂದು ಹನಿಯೂ ಇರಲಿಲ್ಲವೆಂದು ಮೆಕ್ಯಾನಿಕ್ ನನ್ನೊಬ್ಬನಿಗೇ ಹೇಳಿದ. ನಾನು ಯಾರಿಗೂ ಹೇಳಲಿಲ್ಲ.

ವರ್ಷ ತುಂಬಿದ ಮೇಲೆ ಶಾಂತವ್ವ ಜೀಪು ಮಾರಲು ಹೊರಟಳು. ಒಳಗಿನ ದೀಪ ಒಂದೂ ಹತ್ತುತ್ತಿಲ್ಲ, ಬಂದು ನೋಡು ಅಂದಳು. ಒಂದು ಸಂಜೆ ಅವಳ ಮನೆ ಮುಂದೆ ಕೆಲಸಕ್ಕೆ ಕೂತೆ. ಫ್ಯೂಸ್ ಸುಟ್ಟಿತ್ತು, ಬದಲಿಸಿದೆ. ಅರ್ಥಿಂಗ್ ವೈರಿನ ತುಕ್ಕು ಉಜ್ಜಿದೆ. ಮೇಲಿನ ದೀಪ ಹತ್ತಿತು, ಮೀಟರಿನ ದೀಪಗಳೂ ಬಂದವು. ಆಯಿತಲ್ಲ ಎಂದು ಬ್ಯಾಟರಿಯ ತಂತಿ ಬಿಚ್ಚಿಟ್ಟೆ. ಎಲ್ಲ ಆರಿದವು.

ಶಾಂತವ್ವ ಚಹಾ ತಂದು ಕೊಟ್ಟು, ಗಂಡನ ಸೀಟಿಗೆ ಹತ್ತಿ ಕೂತಳು. ಸುಮ್ಮನೆ ಸ್ಟಿಯರಿಂಗ್ ಸವರಿದಳು. ಆಮೇಲೆ, “ಅಣ್ಣಾ, ಇದ್ಯಾಕ ಹತ್ತೈತಿ?” ಎಂದಳು.

ಕೆಂಪು ದೀಪ ಉರಿಯುತ್ತಿತ್ತು.

ಅಯ್ಯೋ ದೇವರೇ, ಕೈಯಲ್ಲಿದ್ದ ಚಹಾ ಮೈಮೇಲೆ ಚೆಲ್ಲಿಕೊಂಡೆ. ಬಿಸಿಲಿನ ಆಟವಿರಬಹುದೇ ಎಂದರೆ ಸೂರ್ಯ ಆಗಲೇ ಗುಡ್ಡದ ಹಿಂದೆ ಹೋಗಿದ್ದ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದೆ. ಬಲ್ಬಿನ ಜಾಗ ಖಾಲಿ. ನಾನು ಟೇಪು ಸುತ್ತಿದ್ದ ವೈರ್ ಹಾಗೇ ನೇತಾಡುತ್ತಿತ್ತು. ಬ್ಯಾಟರಿಯ ತಂತಿ ಬಿಚ್ಚಿಟ್ಟಲ್ಲೇ ಬಿದ್ದಿತ್ತು.

“ಅವ್ರು ಹೇಳತಿದ್ರು, ನಿಮ್ಮಣ್ಣ ಆ ದೀಪ ಕಿತ್ತಿದ್ದು ಭಾಳ ಚಲೋ ಆತು ಅಂತ,” ಎಂದಳು ಶಾಂತವ್ವ. “ಯಾವುದ್ರ ದೀಪ ಅಣ್ಣಾ ಇದು?”

“ಏನಿಲ್ಲವ್ವಾ. ಹಳೇ ಗಾಡಿ, ಹಿಂಗ ಏನಾರ ಆಗತಿರತೈತಿ,” ಎಂದೆ.

ಸ್ವಲ್ಪ ಹೊತ್ತಿಗೆ ಅದು ತಾನೇ ಆರಿತು.

ಅವಳು ಜೀಪು ಮಾರಲಿಲ್ಲ. ಅವರೇ ಬಂದಿದ್ದರು ಎಂದು ಅವಳ ನಂಬಿಕೆ. ನಾನು ಮೂರು ಸಲ ಹೋಗಿ ಒಂದೊಂದೇ ವೈರ್ ಎಳೆದು ನೋಡಿದೆ, ಏನೂ ಸಿಗಲಿಲ್ಲ. ನನ್ನ ಕಣ್ಣಿನ ದೋಷ ಎನ್ನೋಣವೆಂದರೆ ಮೊದಲು ಕಂಡವಳು ಅವಳು. ಹೇಗೆ ಹತ್ತಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಗೊತ್ತಿದೆ. ಎದುರು ಕೂತರೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಂತವ್ವಾ, ಅದು ಬ್ರೇಕಿನ ದೀಪ.