ಪೂಜೆಯಿಂದ ಎತ್ತಿದ ಬಂದೂಕು

ಕೊರೊನಾ ಕಾಟ ಮುಗಿದ ಮರುವರ್ಷ ನಾನು ಜಮಖಂಡಿ ತಾಲ್ಲೂಕಿನ ಒಂದು ಗ್ರಾಮೀಣ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಬನಹಟ್ಟಿಯ ನೇಕಾರರ ಮನೆಯವಳು ನಾನು. ಅಪ್ಪ ಇನ್ನೊಬ್ಬರ ಪವರ್‌ಲೂಮಿನಲ್ಲಿ ದುಡಿದು ಓದಿಸಿದ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ. ಸೊಂಟದ ಪಿಸ್ತೂಲು ಸರ್ಕಾರ ಕೊಟ್ಟದ್ದು, ಡಿಗ್ರಿ ನಾನು ಗಳಿಸಿದ್ದು.

ಬಂದೂಕಿನ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಆದರೆ ಅರ್ಜಿದಾರನಿಗೆ ನಿಜಕ್ಕೂ ಪ್ರಾಣಭಯವಿದೆಯೇ, ಅವನ ನಡತೆ ಹೇಗೆ ಎಂದು ವಿಚಾರಿಸಿ ವರದಿ ಕೊಡುವುದು ಠಾಣೆಯ ಕೆಲಸ. ಹಿಪ್ಪರಗಿ ಕಡೆಯ ಕುರಿಗಾರ ಸಿದ್ದಪ್ಪನ ಅರ್ಜಿ ಹಾಗೆ ನನ್ನ ಬಳಿ ಬಂತು. ಹಿಂದಿನ ಬೇಸಿಗೆಯಲ್ಲಿ ಬಾಡಗಂಡಿ ಬಳಿ ಕಳ್ಳರು ಅವರ ಕುರಿಹಟ್ಟಿಗೆ ನುಗ್ಗಿ, ಅಡ್ಡ ಬಂದ ಅಣ್ಣ ಮಾಳಪ್ಪನ ಎಡಗೈಯ ಬೆರಳುಗಳನ್ನು ಕೊಯ್ತಾ ಎಂಬ ಉದ್ದ ಮಚ್ಚಿನಿಂದ ಕಡಿದಿದ್ದರು.

“ಕೋಲ ಹಿಡ್ಕೊಂಡು ಕೊಯ್ತಾದ ಮುಂದ ಎಷ್ಟ ದಿನ ನಿಂದ್ರೂದ್ರಿ ಮೇಡಂರ? ನೀವು ಬರೂದ್ರಾಗ ನಮ್ಮ ಕುರಿ ಯಾರ್ದೋ ತಾಟಿನ್ಯಾಗ ಇರ್ತಾವ” ಎಂದ ಸಿದ್ದಪ್ಪ.

ಮಾಳಪ್ಪ ನಕ್ಕ. “ಇಂವ ನಾಯಿಗಿ ಕಲ್ಲ ಒಗದ್ರ ಕುರಿಗಿ ಬಡಿತೈತ್ರಿ. ಇವಗ್ಯಾಕ ಬಂದೂಕ?”

“ಬೆರಳ ಹೋದಾವ, ನಾಲಿಗಿ ಹ್ವಾದಿಲ್ಲ ನೋಡ್ರಿ ಇವಂದು” ಎಂದ ತಮ್ಮ.

ಠಾಣೆಯಲ್ಲಿದ್ದ ಸಿಬ್ಬಂದಿಗೆ ಎಲ್ಲ ಹಟ್ಟಿಗಳನ್ನೂ ಕಾಯುವುದು ಸಾಧ್ಯವಿರಲಿಲ್ಲ. ನಾನು ಶಿಫಾರಸು ಬರೆದೆ. ಸಿದ್ದಪ್ಪ ಪೊಲೀಸ್ ಮೈದಾನದ ಬಂದೂಕು ತರಬೇತಿಯನ್ನೂ ಮುಗಿಸಿ, ಲೈಸೆನ್ಸ್ ಪಡೆದು ಒಂದು ಸಿಂಗಲ್ ಬ್ಯಾರಲ್ ಬಂದೂಕು ಕೊಂಡ. ಅದರ ಒಂದು ಕಾಡತೂಸಿನಲ್ಲಿ ಹತ್ತಾರು ಛರ್ರೆಗಳು, ಅಂದರೆ ಸೀಸದ ಸಣ್ಣ ಗುಂಡುಗಳಿರುತ್ತವೆ; ಹೊಡೆದಾಗ ಅವು ಚದುರುತ್ತ ಹೋಗುತ್ತವೆ. ತರಬೇತಿಯಲ್ಲಿ ಅವನು ಹೊಡೆದದ್ದು ಕಾಗದದ ಮನುಷ್ಯನಿಗೆ. ಆ ಕಾಗದವನ್ನು ಯಾರೂ ತಬ್ಬಿಕೊಂಡಿರಲಿಲ್ಲ.

ಆ ವರ್ಷದ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಹಟ್ಟಿಯವರು ಕಂಬಳಿ ಹಾಸಿ, ಬೀರೇಶ್ವರನ ಫೋಟೊದ ಮುಂದೆ ಕೊಡಲಿ, ಕುಡಗೋಲು, ಉಣ್ಣೆ ಕತ್ತರಿ, ಬಂದೂಕು ಎಲ್ಲವನ್ನೂ ಇಟ್ಟು ಭಂಡಾರದ ಅರಿಶಿನ ಹಚ್ಚಿದ್ದರು. ಹಾಗೆ ಇಟ್ಟ ಆಯುಧವನ್ನು ಮರುದಿನ ದಸರೆಯ ಬನ್ನಿ ಎಲೆ ಕೊಟ್ಟ ಮೇಲೆಯೇ ಮುಟ್ಟಬೇಕು. ಇದು ಕಳ್ಳರಿಗೂ ಗೊತ್ತಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತ ಹೊತ್ತಿಗೆ ಟೆಂಪೊ ಬಂತು. ಮೂವರು ಇಳಿದರು, ಕೈಯಲ್ಲಿ ಕೊಯ್ತಾ.

ಮಾಳಪ್ಪ ಬರಿಗೈಯಲ್ಲಿ ಓಡಿ ಒಬ್ಬನ ಸೊಂಟ ತಬ್ಬಿದ. ಆ ಕಳ್ಳ ಬೀಸಿದ ಕೊಯ್ತಾ ಮಾಳಪ್ಪನ ಹೆಗಲು ಸೀಳಿತು. ಆದರೂ ಅವನು ಬಿಡಲಿಲ್ಲ. ಸಿದ್ದಪ್ಪ ಕಂಬಳಿಯತ್ತ ಓಡಿದ. ತಾಯಿ ಲಕ್ಕವ್ವ ಅಡ್ಡ ನಿಂತು “ದೇವರ ಮುಂದಿಂದ ಎತ್ತಬ್ಯಾಡೋ ಯಪ್ಪಾ!” ಎಂದು ಕೂಗಿದಳು. ಅವನು ಅವಳನ್ನು ನೂಕಿ, ಕಾಡತೂಸು ತುಂಬಿ, ಕೊಯ್ತಾ ಎರಡನೇ ಸಲ ಮೇಲೆದ್ದಾಗ ಹೊಡೆದ.

ನಮ್ಮ ಠಾಣೆಯ ರೈಫಲ್‌ಗಳಿಗೂ ಅಂದು ಕುಂಕುಮ ಹಚ್ಚಿದ್ದೆವು. ಫೋನ್ ಬಂದೊಡನೆ ನಾನು ಪೂಜೆಯ ಮೇಜಿನಿಂದ ಪಿಸ್ತೂಲು ಎತ್ತಿಕೊಂಡು ಹೊರಟೆ. ಹೋಗಿ ನೋಡಿದರೆ ಕಳ್ಳ ಕುತ್ತಿಗೆಗೆ ಛರ್ರೆ ಬಡಿದು ಸತ್ತಿದ್ದ. ಉಳಿದಿಬ್ಬರು ಟೆಂಪೊ ಹತ್ತಿ ಓಡಿದ್ದರು. ಮಾಳಪ್ಪ ತಾಯಿಯ ತೊಡೆಯ ಮೇಲಿದ್ದ. ಮುಖದ ಬಲಭಾಗ ರಕ್ತ ಮಾಂಸದ ಮುದ್ದೆ. ಸಿದ್ದಪ್ಪನ ಕೈಯಲ್ಲಿದ್ದ ಬಂದೂಕಿಗೆ ಚೆಂಡುಹೂವಿನ ಮಾಲೆ ಇನ್ನೂ ಜೋತಾಡುತ್ತಿತ್ತು. ಬಂದೂಕನ್ನು ಕಸಿದುಕೊಂಡೆ.

“ಯಾರಿಗಿ ಬಡೀತ್ರಿ?” ಎಂದು ಕೇಳಿದ.

“ಇಬ್ಬರಿಗೂ” ಎಂದೆ.

ಆಂಬುಲೆನ್ಸಿಗೆ ಕಾಯದೆ ಮಾಳಪ್ಪನನ್ನು ನಮ್ಮ ಜೀಪಿನಲ್ಲೇ ಮಲಗಿಸಿದೆವು. ದಾರಿಯುದ್ದಕ್ಕೂ ಅವನ ಹೆಗಲಿಗೆ ಟವೆಲ್ ಒತ್ತಿ ಹಿಡಿದಿದ್ದೆ. ಅದು ತೊಯ್ದು ನನ್ನ ಮೊಣಕೈವರೆಗೆ ರಕ್ತ ಇಳಿಯಿತು. “ಉಳಿತಾನೇನ್ರಿ ಯವ್ವಾ?” ಎಂದು ಲಕ್ಕವ್ವ ಕೇಳುತ್ತಲೇ ಇದ್ದಳು. ನಾನು ಟವೆಲನ್ನು ಇನ್ನೂ ಬಿಗಿಯಾಗಿ ಒತ್ತಿದೆ. ಜಮಖಂಡಿಯಲ್ಲಿ ರಕ್ತ ಕೊಟ್ಟರು, ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. ಮಾಳಪ್ಪ ಉಳಿದ. ಬಲಗಣ್ಣು ಉಳಿಯಲಿಲ್ಲ.

ಸಿದ್ದಪ್ಪನನ್ನು ನಾನೇ ಬಂಧಿಸಿದೆ. ಊರಲ್ಲಿ ಪೂಜೆಯ ಆಯುಧ ಎತ್ತಿದ್ದಕ್ಕೇ ಹೀಗಾಯಿತು ಎಂದರು. ನಾನು ಅದನ್ನು ಒಪ್ಪುವುದಿಲ್ಲ. ಚದುರುವ ಛರ್ರೆಗೆ ಅಣ್ಣ ಯಾರು, ಕಳ್ಳ ಯಾರು ಗೊತ್ತಾಗುವುದಿಲ್ಲ, ಅಷ್ಟೇ. ಕೋರ್ಟಿನಲ್ಲಿ ಮಾಳಪ್ಪ, “ತಮ್ಮ ಹೊಡೀಲಿಲ್ಲಂದ್ರ ನನ್ನ ಕುತ್ತಿಗಿ ಹೋಗ್ತಿತ್ತ್ರಿ” ಎಂದು ಸಾಕ್ಷಿ ಹೇಳಿದ. ಇನ್ನೊಬ್ಬರ ಪ್ರಾಣ ಉಳಿಸಲು ಬಲ ಬಳಸುವ ಹಕ್ಕು ಕಾನೂನಿನಲ್ಲಿದೆ. ಸಿದ್ದಪ್ಪ ಬಿಡುಗಡೆಯಾದ.

ಅಷ್ಟರಲ್ಲಿ ನಾನು ಮುಧೋಳದ ಕಡೆ ವರ್ಗವಾಗಿದ್ದೆ. ಬಂದೂಕು ವಾಪಸ್ ಪಡೆಯುವ ವಿಚಾರ ಕೇಳಲು ಅಣ್ಣತಮ್ಮಂದಿರು ಅಲ್ಲಿಗೇ ಬಂದರು. ಹಿಂದೆ ಬಂದೂಕು ಬೇಕೆಂದು ಹಟ ಹಿಡಿದಿದ್ದ ಸಿದ್ದಪ್ಪ ತಲೆ ಎತ್ತದೆ, “ನನಗ ಬ್ಯಾಡ್ರಿ. ಅದರ ಸಪ್ಪಳ ಇನ್ನಾ ಕಿವ್ಯಾಗ ಐತಿ” ಎಂದ.

“ನನ್ನ ಹೆಸರಿಗಿ ಮಾಡ್ರಿ ಮೇಡಂರ” ಎಂದ ಮಾಳಪ್ಪ. “ಗುರಿ ಹಿಡಿಯಾಕ ಹೆಂಗೂ ಒಂದ ಕಣ್ಣ ಸಾಕಲ್ರಿ.”

ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ನಕ್ಕುಬಿಟ್ಟ. ನಾನು ನಗಲಿಲ್ಲ. “ಕಳ್ಳ ಎದುರಿಗೆ ಬಂದಾನ ಅಂತ ತಿಳಕೋ. ನೀ ಹೊಡ್ಯಾವ. ಆಗ ನಿನ್ನ ತಮ್ಮ ಎಲ್ಲಿರ್ತಾನ?” ಎಂದು ಕೇಳಿದೆ.

ಸಿದ್ದಪ್ಪ ಕುಳಿತದ್ದು ಅಣ್ಣನ ಬಲಕ್ಕೆ. ಅವನನ್ನು ನೋಡಲು ಮಾಳಪ್ಪ ಇಡೀ ಕತ್ತು ತಿರುಗಿಸಬೇಕಾಯಿತು. ಚಹಾ ಕುಡಿದು ಇಬ್ಬರೂ ಎದ್ದು ಹೋದರು, ಅರ್ಜಿ ಹಾಕಲಿಲ್ಲ.

ಬಂದೂಕು ಬೇಡವೇ ಬೇಡ ಎನ್ನುವವಳಲ್ಲ ನಾನು. ಅಂದು ಅದಿಲ್ಲದಿದ್ದರೆ ಮಾಳಪ್ಪ ಸಾಯುತ್ತಿದ್ದ. ಆದರೆ ಮೊದಲು ಅರ್ಜಿದಾರನನ್ನು ‘ನಿನಗೆ ಯಾರ ಭಯ?’ ಎಂದಷ್ಟೇ ಕೇಳುತ್ತಿದ್ದೆ. ಈಗ ಅವನ ಮನೆಗೋ ಹಟ್ಟಿಗೋ ಹೋಗಿ, ಹೊಡೆಯುವ ಜಾಗದಲ್ಲಿ ಅವನನ್ನೇ ನಿಲ್ಲಿಸಿ, ಮನೆಯವರು ಆಗ ಎಲ್ಲಿರುತ್ತಾರೆ ಎಂದು ಕೇಳುತ್ತೇನೆ. ಕೈ ಮಾಡಿ ತೋರಿಸಿದವರಿಗೆ ಶಿಫಾರಸು ಬರೆದಿದ್ದೇನೆ. ಸುಮ್ಮನೆ ನಿಂತವರಿಗೆ ಬರೆದಿಲ್ಲ.