ತಲೆದಿಂಬಿನ ಕೆಳಗಿನ ಕಬ್ಬಿಣ

ಅಂದು ಆ ಕೋಣೆಯಲ್ಲಿ ನಾವು ಐದು ಮಂದಿ ಹೆಂಗಸರಿದ್ದೆವು. ಹೊರಸಿನ ಮೇಲೆ ಹನ್ನೊಂದು ದಿನದ ಬಾಣಂತಿ ಗಿರಿಜಾ, ಅವಳ ತಾಯಿ ಶಾಂತವ್ವ, ಎಲ್ಲರೂ ‘ಆಯಿ’ ಎನ್ನುವ ಎಂಬತ್ತರ ಅಜ್ಜಿ ಬಸವ್ವ, ಊರಿನ ಆಶಾ ಕಾರ್ಯಕರ್ತೆ ರೇಖಾ, ಮತ್ತು ತೂಕದ ಚೀಲ ಹಿಡಿದ ನಾನು. (ಹೆಸರುಗಳನ್ನು ಬದಲಿಸಿದ್ದೇನೆ. ಗಿರಿಜಾಳನ್ನು ಕೇಳಿಯೇ ಇದನ್ನು ಬರೆಯುತ್ತಿರುವೆ.) ಕೊರೊನಾ ಹೋಗಿ ಎರಡು ವರ್ಷವಾಗಿತ್ತು. ಮುಂಡರಗಿ ತಾಲೂಕಿನಲ್ಲಿ, ಸಿಂಗಟಾಲೂರಿನ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ನಿವೃತ್ತಿಗೆ ಒಂದೇ ವರ್ಷ ಬಾಕಿ. ಮೂವತ್ತು ವರ್ಷ ಬಾಣಂತಿಯರನ್ನು ನೋಡಿದವಳು, ಇನ್ನು ನನಗೆ ಕಲಿಸುವವರು ಯಾರು ಎಂಬ ಜಂಬವೂ ಒಂದಿಷ್ಟು ಇತ್ತೆನ್ನಿ.

ಗಿರಿಜಾ ಲಕ್ಷ್ಮೇಶ್ವರದ ಸೊಸೆ. ಶಿರಹಟ್ಟಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದಾಗ ಎರಡು ಕಿಲೋ ಎಂಟುನೂರು ಗ್ರಾಂ ಇದ್ದ ಹೆಣ್ಣುಕೂಸು ಅಂದು ಎರಡು ಕಿಲೋ ಆರುನೂರೈವತ್ತು ತೂಗಿತು. ಮೊದಲ ದಿನಗಳಲ್ಲಿ ಕೂಸಿನ ತೂಕ ತುಸು ಇಳಿದು ಮತ್ತೆ ಏರುವುದು ಸಹಜ. ಅಷ್ಟನ್ನು ಹೇಳಿ ಸುಮ್ಮನಿರಬೇಕಿತ್ತು. ನಾನು ಚೇಷ್ಟೆ ಮಾಡಿದೆ.

“ಏನ್ರೀ ಟೀಚರ, ಹುಡುಗರ ಲೆಕ್ಕ ತಪ್ಪಿದ್ರ ಕಿವಿ ಹಿಂಡತಿದ್ರಿ. ಈಗ ನಿಮ್ಮ ಲೆಕ್ಕದಾಗ ನೂರೈವತ್ತು ಕಡಿಮಿ ಬಿತ್ತಲ್ರಿ?”

ಎಲ್ಲರೂ ನಕ್ಕರು. ಗಿರಿಜಾ ನಗಲಿಲ್ಲ. ನಾನದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ, ಕಾರ್ಡಿನಲ್ಲಿ ತೂಕ ಬರೆದು ಎದ್ದುಬಂದೆ.

ಮೂರು ದಿನದ ಮೇಲೆ ಮುಂಜಾನೆ ರೇಖಾಳ ಫೋನ್ ಬಂತು. “ಅಕ್ಕಾರ, ಗಿರಿಜಕ್ಕ ಕೂಸನ್ನ ಮುಟ್ಟವಲ್ರು. ಅವರವ್ವ ಹಿಡಕೊಂಡು ಕುಂತ್ರ ಅಷ್ಟ ಹಾಲು ಕುಡಸತಾರ. ಅವ್ವ ಎದ್ದು ಹೋದ್ಲಂದ್ರ ಗ್ವಾಡಿ ಮೂಲ್ಯಾಗ ಹೋಗಿ ಕುಂಡ್ರತಾರ. ನಿದ್ದೀನ ಇಲ್ಲ. ಆಯಿ ಗಾಳಿ ಸೋಕೈತಿ ಅನ್ನಾಕತ್ತಾಳ.”

ಹೋದೆ. ಬಾಗಿಲಲ್ಲೇ ಬಸವ್ವಾಯಿ ತಡೆದಳು. “ನರ್ಸಬಾಯಿ, ಇದು ನೀ ಸೂಜಿ ಚುಚ್ಚಿ ಓಡಸೂ ಜಡ್ಡಲ್ಲ. ನಾ ಬಂದೋಬಸ್ತ್ ಮಾಡೇನಿ.”

ಏನು ಬಂದೋಬಸ್ತ್ ಎಂದು ಒಳಗೆ ಹೋದಾಗ ತಿಳಿಯಿತು. ದೃಷ್ಟಿ, ಗಾಳಿ ಹತ್ತಿರ ಸುಳಿಯಬಾರದೆಂದು ನಮ್ಮ ಕಡೆ ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರೆ. ಐದನೆಯ ದಿನದ ಪೂಜೆಯಿಂದ ಅಲ್ಲಿ ಅಡಿಕೆ ಕತ್ತರಿಸುವ ಒಂದು ಅಡಕತ್ತರಿ ಇತ್ತು. ಮೊಮ್ಮಗಳು ಮಂಕಾದದ್ದು ಕಂಡು ಆಯಿ ಅದನ್ನು ತೆಗೆದು, ಜೋಳ ಕೊಯ್ಯುವ ಕುಡಗೋಲನ್ನೇ ತಂದು ಇಟ್ಟಿದ್ದಳು. ಅದರ ಹಿಡಿ ದಿಂಬಿನಾಚೆ ಕಾಣುತ್ತಿತ್ತು.

ಕೂಸನ್ನು ತೂಗಿದೆ. ಎರಡು ಕಿಲೋ ಏಳುನೂರರವತ್ತು, ಅಂದರೆ ಏರುತ್ತಿತ್ತು. ಸಂತೋಷದಿಂದ ಹೇಳಿದೆ. ಗಿರಿಜಾ ನೆಲ ನೋಡುತ್ತ, “ನಾ ಮುಟ್ಟಿಲ್ಲಲ್ರಿ, ಅದಕ್ಕ ಏರೇತಿ” ಎಂದಳು.

ಉಳಿದವರನ್ನು ಚಹಾದ ನೆಪದಲ್ಲಿ ಕಳಿಸಿದೆ. ಶಾಂತವ್ವ ಕೂಸನ್ನು ತೊಟ್ಟಿಲಿಗೆ ಹಾಕಿ ಹೋಗುತ್ತಿದ್ದಂತೆ ಗಿರಿಜಾ ಗೋಡೆಯ ಮೂಲೆಗೆ ಸರಿದಳು. “ಕೂಸನ್ನೂ ಒಯ್ಯಾಕ ಹೇಳ್ರಿ ಅಕ್ಕಾರ. ಇಲ್ಲಿ ಬ್ಯಾಡ.”

ಕೂಸು ಹೊರಗೆ ಹೋಯಿತು. ನಾನು ನೆಲದ ಮೇಲೆ ಅವಳ ಪಕ್ಕ ಕುಳಿತೆ. “ಗಿರಿಜಾ, ಕೂಸಿಗೆ ಏನಾರ ಆಗತೈತಂತ ಹೆದರಿಕೀನೋ, ನಿನ್ನ ಕೈಯಿಂದ ಆಗತೈತಂತ ಹೆದರಿಕೀನೋ?”

ಕೇಳಿದ್ದೇನೋ ಆಯಿತು, ಉತ್ತರ ಬಾರದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವಳು ದಿಂಬಿನ ಕಡೆ ನೋಡಿದಳು.

“ಕಣ್ಣು ಮುಚ್ಚಿದ್ರ ಅದು ನನ್ನ ಕೈಯಾಗ ಇದ್ದಂಗ ಕಾಣತೈತ್ರಿ. ಅಡಕತ್ತರಿ ಇದ್ದಾಗೂ ಕಾಣತಿತ್ತು. ಈಗ ಇದನ್ನ ತಂದಿಟ್ಟಾರ. ಇಂಥಾ ವಿಚಾರ ಬರೂ ಹೆಂಗಸು ತಾಯಿ ಏನ್ರಿ? ಅವತ್ತ ನೀವ ಹೇಳಿದ್ರಲ್ಲ, ನನ್ನ ಲೆಕ್ಕ ತಪ್ಪೇತಿ ಅಂತ.”

“ಹಂಗ ಮಾಡಬೇಕು ಅನಸತೈತೇನು? ಮಾಡು ಅಂತ ಯಾರಾರ ಹೇಳಿದಂಗ ಕೇಳಸತೈತೇನು?”

“ಇಲ್ರಿ. ಏನೂ ಆಗಬಾರದಂತನ ಮೂಲ್ಯಾಗ ಕುಂಡ್ರತೇನ್ರಿ.”

ತಾನು ತಾಯಿಯೇ ಅಲ್ಲ ಎಂದುಕೊಂಡವಳು ಇವಳು. ಊಟ, ನಿದ್ದೆ ಬಿಟ್ಟು ಇವಳು ಮೂರು ದಿನದಿಂದ ಮಗಳನ್ನು ತನ್ನಿಂದಲೇ ಕಾಯುತ್ತಿದ್ದಳು. “ಅವತ್ತ ನಾ ಆಡಿದ್ದು ತಪ್ಪು ಮಾತು, ಗಿರಿಜಾ. ತಪ್ಪಿದ್ದು ನನ್ನ ಬಾಯಿ, ನಿನ್ನ ಲೆಕ್ಕಲ್ಲ” ಎಂದೆ. ಆದರೆ ನಾನು ಡಾಕ್ಟರಲ್ಲ. ಇದು ಬರಿಯ ಹೆದರಿಕೆಯೋ, ಅದಕ್ಕಿಂತ ದೊಡ್ಡದೋ ಎಂದು ಅಳೆಯುವ ತಕ್ಕಡಿ ನನ್ನ ಚೀಲದಲ್ಲಿರಲಿಲ್ಲ. ಅಂದೇ ಗದಗಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗುವ ಮೊದಲು ಆ ಕಬ್ಬಿಣ ಹೊರಬೀಳಬೇಕಿತ್ತು.

ಎಲ್ಲರನ್ನೂ ಒಳಗೆ ಕರೆದು, ಕುಡಗೋಲು ತೆಗೆಯೋಣ ಎಂದಾಗ ಆಯಿ ಸೊಂಟಕ್ಕೆ ಕೈಯಿಟ್ಟಳು. “ತೆಗದ ಮ್ಯಾಲೆ ಕೂಸಿಗೆ ಏನಾರ ಆದ್ರ ನೀ ಜವಾಬ್ದಾರಿ ಏನಬೇ? ನಿನ್ನ ನೌಕರಿ ವಯಸ್ಸಿಗಿಂತ ನಾ ಬಾಣಂತನ ಮಾಡಿದ್ದ ಹೆಚ್ಚೈತಿ.”

ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಅವಳ ಮಾತನ್ನು ಅವರ ಮುಂದೆ ಬಿಚ್ಚುವ ಹಾಗಿರಲಿಲ್ಲ. “ಖರೆ ಆಯಿ,” ಎಂದೆ. “ಆದ್ರ ಗಾಳಿ ಬರೂದು ಬಾಗಲದಿಂದಲ್ಲೇನು? ಕಾವಲಗಾರನ್ನ ಹಾಸಿಗ್ಯಾಗ ಮಲಗಿಸಿದ್ರ ಹೆಂಗ?”

ಆಯಿ ಯೋಚಿಸಿದಳು. “ನಮ್ಮತ್ತಿನೂ ಬಾಗಲ ಮ್ಯಾಲೇ ಸಿಗಸತಿದ್ಲು, ನೆಪ್ಪಾತು” ಎಂದು ತಾನೇ ಕುಡಗೋಲು ಒಯ್ದು ತಲೆಬಾಗಿಲ ಮೇಲಿನ ಸಂದಿಯಲ್ಲಿ ಸಿಕ್ಕಿಸಿದಳು. ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂದು ಮತ್ತೆ ತಗಾದೆ ತೆಗೆದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಶಾಂತವ್ವ, “ನೀ ಸುಮ್ನಿರಬೇ, ನನ್ನ ಮಗಳು ನನಗ ಬೇಕು” ಎಂದಳು.

ಬಾಡಿಗೆ ಗಾಡಿಯಲ್ಲಿ ಹೊರಟೆವು. ಕೂಸು ಶಾಂತವ್ವನ ತೊಡೆಯ ಮೇಲೆ, ಗಿರಿಜಾ ಕಿಟಕಿಗೆ ಒತ್ತಿಕೊಂಡು ನನ್ನ ಆಚೆಗೆ. ಗದಗ ಬರುವವರೆಗೂ ಅವಳು ನನ್ನ ಮುಂಗೈ ಬಿಡಲಿಲ್ಲ. ನನ್ನ ಎದೆಯ ಬಡಿತ ಅವಳಿಗೆ ತಿಳಿಯದಿರಲೆಂದು ದಾರಿಯುದ್ದಕ್ಕೂ ಏನೇನೋ ಹರಟುತ್ತಿದ್ದೆ.

ಮನೋವೈದ್ಯರು ಅವಳ ಜೊತೆ ಮುಕ್ಕಾಲು ತಾಸು ಮಾತಾಡಿದರು. ಹೆರಿಗೆಯ ನಂತರ ಕೆಲವರಿಗೆ ಬರುವ ಖಿನ್ನತೆ, ಆತಂಕ, ಗುಣವಾಗುತ್ತದೆ ಎಂದರು. ಹಾಲೂಡಿಸುವವರಿಗೆ ಹೊಂದುವ ಗುಳಿಗೆ ಬರೆದರು. ನಿದ್ದೆ ಮಾಡಿಸಿ, ತಾವು ಹೇಳುವವರೆಗೆ ತಾಯಿ, ಕೂಸು ಇಬ್ಬರೇ ಇರದಂತೆ ನೋಡಿಕೊಳ್ಳಿ ಎಂದರು. ಗಿರಿಜಾಳಿಗೆ ಹೇಳಿದ್ದು ಇಷ್ಟು: “ಆ ವಿಚಾರ ಬಂದಾಗ ಅದರ ಜೋಡಿ ವಾದಕ್ಕೆ ಇಳೀಬ್ಯಾಡ. ಇದು ಜಡ್ಡು ಮಾತಾಡಾಕತ್ತೈತಿ, ನಾ ಅಲ್ಲ ಅನ್ನು.”

ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ನಾನು ದಿನಬಿಟ್ಟು ದಿನ ಹೋಗುತ್ತಿದ್ದೆ, ಪ್ರತಿ ಸಲವೂ ಆ ಮನೆಯ ತಿರುವಿನಲ್ಲಿ ಕಾಲು ಹಿಂಜರಿಯುತ್ತಿತ್ತು. ಮೂರನೆಯ ವಾರ ಅವಳು ಸತತ ಐದು ತಾಸು ಮಲಗಿದಳು. ಆಮೇಲೊಂದು ದಿನ ತಾಯಿ ಎದುರಿಗಿದ್ದಾಗ ಕೂಸಿನ ಕಾಲಿಗೆ ಎಣ್ಣೆ ಹಚ್ಚಿದಳು. ನಡುವೆ ಒಮ್ಮೆ ಮತ್ತೆ ಮೂಲೆ ಸೇರಿದ್ದೂ ಉಂಟು. ಆಗ ಆಯಿಯೇ ಬಾಣಂತಿಗೆಂದು ಕಟ್ಟಿದ ಉಂಡೆ ಹಿಡಿದು ಹತ್ತಿರ ಹೋಗಿ, “ಜಡ್ಡು ಮಾತಾಡಾಕತ್ತೇತೇನು? ಮಾತಾಡಲಿ ಬಿಡು, ನೀ ಅಂಟಿನುಂಡಿ ತಿನ್ನು” ಎಂದಳಂತೆ.

ನನ್ನ ವೃತ್ತಿಯಲ್ಲಿ ಕೊನೆಗೆ ಕಲಿತ ಪಾಠ ಇದು: ಬಾಣಂತಿಯ ಮನೆಗೆ ಹೋದರೆ ತಕ್ಕಡಿ ತೆಗೆಯುವ ಮೊದಲು ತಾಯಿಯ ಪಕ್ಕ ಕೂರಬೇಕು. ನಿದ್ದೆ ಬಂತೇ, ಏನು ವಿಚಾರ ಬರುತ್ತಿದೆ ಎಂದು ಅವಳೊಬ್ಬಳನ್ನೇ ಕೇಳಬೇಕು. ತನ್ನನ್ನು ತಾನೇ ಬೈದುಕೊಳ್ಳುತ್ತಿರುವವಳಿಗೆ ನಮ್ಮ ನಗೆಮಾತೂ ಸಾಕ್ಷಿಯಾಗಿಬಿಡುತ್ತದೆ.

ಐದು ತಿಂಗಳಾದ ಮೇಲೆ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಶಿರಹಟ್ಟಿಯ ಬಸ್ಸಿನಿಂದ ಗಿರಿಜಾ ಇಳಿದಳು. ಹೆಗಲಿಗೆ ಚೀಲ, ಬಗಲಲ್ಲಿ ಮಗಳು. ಗಂಡನ ಮನೆಗೆ ಮರಳಿದ್ದವಳು ಲಕ್ಷ್ಮೇಶ್ವರದಿಂದ ಬಸ್ಸು ಬದಲಿಸಿ ಬಂದಿದ್ದಳು. ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ನೋಡಿದೆ. ಯಾರೂ ಇರಲಿಲ್ಲ.

“ಒಬ್ಬಾಕೀನ ಬಂದ್ಯೇನವಾ?” ಎಂದೆ.

“ಇಲ್ರಿ ಅಕ್ಕಾರ, ಇಬ್ರೂ ಬಂದ್ವಿ” ಎಂದಳು.